ಆಡಳಿತ ಸಲಹೆ: ಬದಲಾವಣೆಯ ಹೊತ್ತಿನಲ್ಲಿ ಸಲಹೆಗಾರ ಮತ್ತು ಸಂಸ್ಥೆ

ಉದ್ದಿಮೆ, ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಇಲಾಖೆ ಮೊದಲಾದ ಸಂಸ್ಥೆಗಳು ತಮ್ಮ ಆಡಳಿತದ ತೊಡಕುಗಳನ್ನು ಬಿಡಿಸಿಕೊಳ್ಳಲು ಹೊರಗಿನ ಪರಿಣತರಿಗೆ ಶುಲ್ಕ ತೆತ್ತು ಪಡೆಯುವ ನೆರವೇ ಆಡಳಿತ ಸಲಹೆ. ರೂಢಿಯಲ್ಲಿ ಈ ಕಸುಬಿಗೆ ಕನ್ಸಲ್ಟಿಂಗ್ ಎಂದೂ ನೆರವು ಪಡೆಯುವ ಸಂಸ್ಥೆಗೆ ಕ್ಲೈಂಟ್ ಎಂದೂ ಹೆಸರು. ಸಲಹೆಗಾರರಿಗೆ ಕ್ಲೈಂಟ್ ಸಂಸ್ಥೆಯೊಳಗೆ ಯಾರಿಗೂ ಆಜ್ಞೆ ಮಾಡುವ ಅಧಿಕಾರವಿಲ್ಲ. ಅವರು ಹೇಳಿದ್ದನ್ನು ಸಂಸ್ಥೆ ಕೇಳಬಹುದು, ಬಿಡಬಹುದು. ಅಧಿಕಾರವಿಲ್ಲದೆ ಇನ್ನೊಬ್ಬರ ವ್ಯವಸ್ಥೆಯನ್ನು ಬದಲಿಸಬೇಕಾದ ಈ ಸ್ಥಿತಿಯೇ ಕಸುಬಿನ ಎಲ್ಲ ಕೌಶಲಕ್ಕೂ ಬಹುಪಾಲು ಜಗಳಗಳಿಗೂ ಮೂಲ.

ಹೊಸ ಯಂತ್ರ ಬಂದಾಗ, ಮಾರುಕಟ್ಟೆ ಕೈತಪ್ಪಿದಾಗ, ಎರಡು ಕಂಪನಿಗಳು ಒಂದಾದಾಗ, ಅಣ್ಣತಮ್ಮಂದಿರು ಸೇರಿ ಕಟ್ಟಿದ ಉದ್ದಿಮೆ ಮುಂದಿನ ತಲೆಮಾರಿಗೆ ಹೋಗುವಾಗ ಸಲಹೆಗಾರರಿಗೆ ಕರೆ ಹೋಗುತ್ತದೆ. ಒಳಗಿಲ್ಲದ ತಿಳಿವಳಿಕೆ, ಹೆಚ್ಚುವರಿ ಕೈಗಳು, ಪಕ್ಷವಿಲ್ಲದ ಕಣ್ಣು ಬೇಕೆಂಬುದು ಬಾಯಿಬಿಟ್ಟು ಹೇಳುವ ಕಾರಣಗಳು. ಹೇಳದೆ ಉಳಿಯುವ ಕಾರಣವೂ ಒಂದಿದೆ. ಆಡಳಿತ ಮಂಡಳಿ ಈಗಾಗಲೇ ತೀರ್ಮಾನಿಸಿರುವ ಅಪ್ರಿಯ ಕೆಲಸಕ್ಕೆ, ಹೆಚ್ಚಾಗಿ ಸಿಬ್ಬಂದಿ ಕಡಿತಕ್ಕೆ, ಹೊರಗಿನವರ ಮುದ್ರೆ ಬೇಕಾಗಿರುತ್ತದೆ. ಅನುಭವಿ ಸಲಹೆಗಾರರು ಮೊದಲ ಭೇಟಿಯಲ್ಲೇ ಇದನ್ನು ಊಹಿಸುತ್ತಾರೆ. ಊಹಿಸಿಯೂ ಕೆಲಸ ಒಪ್ಪಿಕೊಳ್ಳುವವರು ಕಡಿಮೆಯೇನಲ್ಲ.

ಹುಟ್ಟು ಮತ್ತು ಬೆಳವಣಿಗೆ

ಕಸುಬಿನ ಬೇರು ಅಮೆರಿಕದ ಕಾರ್ಖಾನೆಗಳಲ್ಲಿದೆ. ರಸಾಯನಶಾಸ್ತ್ರಜ್ಞ ಆರ್ಥರ್ ಡಿ. ಲಿಟಲ್ 1886ರಲ್ಲಿ ಬಾಸ್ಟನ್ನಿನಲ್ಲಿ ಆರಂಭಿಸಿದ ಪ್ರಯೋಗಾಲಯ ಇಂದಿಗೂ ಅದೇ ಹೆಸರಿನ ಸಲಹಾ ಸಂಸ್ಥೆಯಾಗಿ ಉಳಿದಿದೆ. ಆದರೆ ಕೆಲಸದ ರೀತಿಯನ್ನೇ ಅಳೆದು ಬದಲಿಸುವ ಸಲಹೆಗಾರನ ಮೊದಲ ಮಾದರಿ ಫ್ರೆಡರಿಕ್ ವಿನ್ಸ್ಲೊ ಟೇಲರ್. 1898ರಲ್ಲಿ ಪೆನ್ಸಿಲ್ವೇನಿಯದ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಗೆ ಬಂದ ಟೇಲರ್, ಬೀಡುಕಬ್ಬಿಣದ ಗಟ್ಟಿಗಳನ್ನು ಹೊರುವ ಆಳಿನ ದಿನದ ಕೆಲಸವನ್ನು ಹನ್ನೆರಡೂವರೆ ಟನ್ನಿನಿಂದ ನಲವತ್ತೇಳೂವರೆ ಟನ್ನಿಗೆ ಏರಿಸಿದ್ದಾಗಿ ಬರೆದುಕೊಂಡ. ಬರೆದದ್ದರಲ್ಲಿ ಉತ್ಪ್ರೇಕ್ಷೆ ಇದೆಯೆಂದು ಮುಂದಿನ ಇತಿಹಾಸಕಾರರು ತೋರಿಸಿದ್ದಾರೆ. ಮೇಲಿನ ಅಧಿಕಾರಿಗಳೊಂದಿಗೆ ಹೊಂದಿಕೆ ಕೆಟ್ಟು 1901ರಲ್ಲಿ ಅವನನ್ನು ಕಾರ್ಖಾನೆಯಿಂದ ಕಳುಹಿಸಲಾಯಿತು. 1911ರಲ್ಲಿ ಮ್ಯಾಸಚೂಸೆಟ್ಸಿನ ವಾಟರ್‌ಟೌನ್ ಶಸ್ತ್ರಾಗಾರದಲ್ಲಿ ಟೇಲರ್ ಪದ್ಧತಿಯವರು ಸ್ಟಾಪ್‌ವಾಚ್ ಹಿಡಿದು ನಿಂತಾಗ ಎರಕದ ಕೆಲಸಗಾರರು ಮುಷ್ಕರ ಹೂಡಿದರು. ಸಂಸತ್ತಿನ ಸಮಿತಿ ವಿಚಾರಣೆ ನಡೆಸಿತು. ಕೆಲವೇ ವರ್ಷಗಳಲ್ಲಿ ಸೇನೆಯ ಶಸ್ತ್ರಾಗಾರಗಳಲ್ಲಿ ಸ್ಟಾಪ್‌ವಾಚ್ ಬಳಕೆಗೆ ಕಾನೂನಿನ ತಡೆ ಬಿತ್ತು. ಲೆಕ್ಕ ಸರಿಯಿದ್ದರೂ ಕೆಲಸ ಮಾಡುವವರು ಒಪ್ಪದಿದ್ದರೆ ಬದಲಾವಣೆ ನೆಲೆಯೂರುವುದಿಲ್ಲ ಎಂಬುದು ಕಸುಬಿಗೆ ಅದರ ಬಾಲ್ಯದಲ್ಲೇ ತಿಳಿದಿತ್ತು. ಆದರೂ ಪ್ರತಿ ತಲೆಮಾರೂ ಅದನ್ನು ಹೊಸದಾಗಿ ಕಂಡುಕೊಂಡಿದೆ.

ಷಿಕಾಗೊ ವಿಶ್ವವಿದ್ಯಾನಿಲಯದ ಲೆಕ್ಕಶಾಸ್ತ್ರದ ಪ್ರಾಧ್ಯಾಪಕ ಜೇಮ್ಸ್ ಒ. ಮೆಕಿನ್ಸಿ 1926ರಲ್ಲಿ ತನ್ನ ಹೆಸರಿನ ಸಂಸ್ಥೆ ತೆರೆದ. 1935ರಲ್ಲಿ ಅದೇ ಊರಿನ ಹೆಸರುವಾಸಿ ಅಂಗಡಿ ಸಂಸ್ಥೆ ಮಾರ್ಷಲ್ ಫೀಲ್ಡ್ ಇವನ ವರದಿಯನ್ನು ಮೆಚ್ಚಿ, ನೀನೇ ಬಂದು ಜಾರಿಗೆ ತಾ ಎಂದು ಮುಖ್ಯಸ್ಥನ ಕುರ್ಚಿ ಕೊಟ್ಟಿತು. ಸಗಟು ವ್ಯಾಪಾರ ಮುಚ್ಚಿ ಅಪಾರ ಸಂಖ್ಯೆಯ ನೌಕರರನ್ನು ಮನೆಗೆ ಕಳುಹಿಸಿದ ಮೆಕಿನ್ಸಿ, ಆ ಹೊಣೆಯ ಒತ್ತಡದಲ್ಲೇ 1937ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ. ಸಲಹೆ ಕೊಡುವುದಕ್ಕೂ ಆಡಳಿತ ನಡೆಸುವುದಕ್ಕೂ ಇರುವ ಅಂತರ ಇಷ್ಟು ನೇರವಾಗಿ ಕಾಣುವ ಪ್ರಸಂಗ ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ. ಸಂಸ್ಥೆಯನ್ನು ಮುಂದೆ ಬೆಳೆಸಿದವನು ವಕೀಲಿ ಹಿನ್ನೆಲೆಯ ಮಾರ್ವಿನ್ ಬೋವರ್. ಕ್ಲೈಂಟಿನ ಹಿತ ಮೊದಲು, ಗುಟ್ಟು ಬಿಟ್ಟುಕೊಡಬಾರದು, ಕಟುಸತ್ಯವಾದರೂ ಹೇಳಬೇಕು ಎಂಬ ವಕೀಲರ ಶಿಸ್ತನ್ನು ಅವನು ಸಲಹಾ ಕಸುಬಿಗೆ ತಂದ. ಬ್ರೂಸ್ ಹೆಂಡರ್ಸನ್ 1963ರಲ್ಲಿ ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್ ಆರಂಭಿಸಿದ. ಅಲ್ಲಿಂದ ಹೊರಬಿದ್ದ ಬಿಲ್ ಬೇನ್ 1973ರಲ್ಲಿ ಬೇನ್ ಆ್ಯಂಡ್ ಕಂಪನಿ ಕಟ್ಟಿದ. ಆರಂಭದ ವರ್ಷಗಳಲ್ಲಿ ಅದು ಒಂದು ಉದ್ದಿಮೆಯಲ್ಲಿ ಒಬ್ಬ ಕ್ಲೈಂಟಿಗೆ ಮಾತ್ರ ಕೆಲಸ ಮಾಡುವ ನಿಯಮ ಇಟ್ಟುಕೊಂಡಿತ್ತು.

ಸಂಬಂಧದ ಮೂರು ಬಗೆ

ಎರಡನೇ ಮಹಾಯುದ್ಧದ ಬೆನ್ನಿಗೇ ಇನ್ನೊಂದು ಧಾರೆ ಹುಟ್ಟಿತು. ಅದರ ಜನಕರು ಎಂಜಿನಿಯರರೂ ಅಲ್ಲ, ಲೆಕ್ಕಿಗರೂ ಅಲ್ಲ, ಮನಶ್ಶಾಸ್ತ್ರಜ್ಞರು. ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಬಂದ ಕುರ್ಟ್ ಲೆವಿನ್, ಹೆಪ್ಪುಗಟ್ಟಿದ ರೂಢಿಯನ್ನು ಮೊದಲು ಕರಗಿಸಬೇಕು, ಆಮೇಲೆ ಬದಲಿಸಬೇಕು, ಕೊನೆಗೆ ಹೊಸ ರೂಢಿ ಹೆಪ್ಪುಗಟ್ಟುವಂತೆ ನೋಡಿಕೊಳ್ಳಬೇಕು ಎಂದು 1947ರಲ್ಲಿ ಪ್ರಕಟವಾದ ಲೇಖನದಲ್ಲಿ ವಿವರಿಸಿದ. ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಸಂಶೋಧಕರು ಗಣಿಗಳಿಗೂ ಕಾರ್ಖಾನೆಗಳಿಗೂ ಹೋಗಿ, ಯಂತ್ರದ ವ್ಯವಸ್ಥೆಯನ್ನೂ ಜನರ ಗುಂಪು ಸಂಬಂಧಗಳನ್ನೂ ಒಟ್ಟಿಗೆ ನೋಡದೆ ಯಾವುದನ್ನೂ ಸರಿಪಡಿಸಲಾಗದು ಎಂದು ತೋರಿಸಿದರು.

ಈ ಧಾರೆಗೆ ಸೇರಿದ ಎಡ್ಗರ್ ಷೈನ್ (1928–2023) ಸಲಹೆಗಾರ–ಕ್ಲೈಂಟ್ ಸಂಬಂಧವನ್ನು ಮೂರಾಗಿ ವಿಂಗಡಿಸಿದ್ದು ಇಂದಿಗೂ ಅಧ್ಯಯನದ ಚೌಕಟ್ಟು. ಮೊದಲನೆಯದು ಪರಿಣತಿಯ ಖರೀದಿ: ತನಗೆ ಬೇಕಾದದ್ದೇನೆಂದು ಕ್ಲೈಂಟಿಗೆ ಗೊತ್ತು, ಅದನ್ನು ಹೊರಗಿನಿಂದ ಕೊಳ್ಳುತ್ತದೆ. ಎರಡನೆಯದು ವೈದ್ಯ–ರೋಗಿ ಸಂಬಂಧ: ನೋವೆಲ್ಲಿ ಎಂದಷ್ಟೇ ಕ್ಲೈಂಟ್ ಹೇಳುತ್ತದೆ, ರೋಗವನ್ನೂ ಮದ್ದನ್ನೂ ಸಲಹೆಗಾರ ಹೇಳುತ್ತಾನೆ. ಇಲ್ಲಿ ರೋಗಿ ನಿಜ ಹೇಳುತ್ತಾನೆ ಮತ್ತು ಮದ್ದು ನುಂಗುತ್ತಾನೆ ಎಂಬ ಎರಡು ನಂಬಿಕೆಗಳಿವೆ. ಸಂಸ್ಥೆಗಳಲ್ಲಿ ಇವೆರಡೂ ಸುಳ್ಳಾಗುವುದೇ ಹೆಚ್ಚು. ಮೂರನೆಯದು ಪ್ರಕ್ರಿಯೆಯ ಸಲಹೆ, ಅದನ್ನು ಷೈನ್ 1969ರಲ್ಲಿ ಪುಸ್ತಕವಾಗಿ ಬರೆದ. ಇದರಲ್ಲಿ ಸಮಸ್ಯೆ ಕ್ಲೈಂಟಿನದಾಗಿಯೇ ಉಳಿಯುತ್ತದೆ. ಸಭೆಗಳು ಹೇಗೆ ನಡೆಯುತ್ತವೆ, ತೀರ್ಮಾನ ಎಲ್ಲಿ ಸಿಕ್ಕಿಕೊಳ್ಳುತ್ತದೆ, ಯಾರ ಮಾತು ಯಾರಿಗೂ ಕೇಳಿಸುವುದಿಲ್ಲ ಎಂಬುದನ್ನು ಕ್ಲೈಂಟ್ ತಾನೇ ಕಾಣುವಂತೆ ಮಾಡುವುದು ಸಲಹೆಗಾರನ ಕೆಲಸ. ಮೊದಲೆರಡು ಬಗೆ ಮಾರಾಟಕ್ಕೆ ಸುಲಭ, ಮೂರನೆಯದು ಕಷ್ಟ: ಎಲ್ಲವನ್ನೂ ನಾವೇ ಮಾಡಿಕೊಳ್ಳುವುದಾದರೆ ನಿಮಗೇಕೆ ದುಡ್ಡು ಎಂದು ಕ್ಲೈಂಟ್ ಕೇಳುತ್ತದೆ.

ಅಹಮದಾಬಾದಿನ ಮಗ್ಗಗಳು

ಆ ಪ್ರಶ್ನೆಗೆ ಒಳ್ಳೆಯ ಉತ್ತರ ಭಾರತದಲ್ಲೇ ಇದೆ. ಸಾರಾಭಾಯಿ ಮನೆತನದ ಕ್ಯಾಲಿಕೊ ಗಿರಣಿಗೆ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ 1953ರಲ್ಲಿ ಬಂದ. ಕಂಪನಿ ಸ್ವಯಂಚಾಲಿತ ಮಗ್ಗಗಳನ್ನು ತರಿಸಿತ್ತು, ನಿರೀಕ್ಷಿಸಿದ ಉತ್ಪಾದನೆ ಬರುತ್ತಿರಲಿಲ್ಲ. ಯಂತ್ರ ಸರಿಯಿಲ್ಲ ಎಂದು ಕೆಲವರು, ಗುಜರಾತಿನ ಬಿಸಿಲಿಗೆ ಒಗ್ಗುವುದಿಲ್ಲ ಎಂದು ಕೆಲವರು, ಕೂಲಿಗಳು ಸೋಮಾರಿಗಳು ಎಂದು ಇನ್ನು ಕೆಲವರು. ರೈಸ್ ನೋಡಿದ್ದು ಕೆಲಸದ ಹಂಚಿಕೆಯನ್ನು. 224 ಮಗ್ಗಗಳ ಆ ಷೆಡ್ಡಿನಲ್ಲಿ 29 ಮಂದಿ ಹನ್ನೆರಡು ಬಗೆಯ ಕೆಲಸಗಳಲ್ಲಿ ಹಂಚಿಹೋಗಿದ್ದರು. ನೇಯುವವನು, ಕಡಿದ ನೂಲು ಕೂಡಿಸುವವನು, ಬಾಬಿನ್ ತುಂಬುವವನು, ಎಣ್ಣೆ ಬಿಡುವವನು, ಗುಡಿಸುವವನು ಎಲ್ಲರೂ ಬೇರೆ ಬೇರೆ. ಒಂದು ಮಗ್ಗ ನಿಂತರೆ ಅದು ಯಾರ ಹೊಣೆಯೂ ಆಗಿರಲಿಲ್ಲ.

ಒಂದಷ್ಟು ಮಗ್ಗಗಳನ್ನು ಒಂದು ಸಣ್ಣ ಗುಂಪಿಗೆ ಪೂರ್ತಿಯಾಗಿ ಒಪ್ಪಿಸಿದರೆ ಹೇಗೆ ಎಂಬ ಯೋಚನೆಯನ್ನು ರೈಸ್ ಮ್ಯಾನೇಜರುಗಳ ಮುಂದಿಟ್ಟ. ಮುಂದೆ ನಡೆದದ್ದನ್ನು ಅವನೂ ಎಣಿಸಿರಲಿಲ್ಲ: ಮಾತು ಷೆಡ್ಡಿಗೆ ತಲುಪಿದ್ದೇ ತಡ, ಮೇಸ್ತ್ರಿಗಳೂ ಕೆಲಸಗಾರರೂ ತಾವೇ ಕೂತು, ಯಾರ ಜೊತೆ ಯಾರು ಎಂದು ಗುಂಪು ಕಟ್ಟಿಕೊಂಡು ಬಂದರು. ಆರಂಭದಲ್ಲಿ ಏರಿಳಿತಗಳಿದ್ದವು, ಉತ್ಪಾದನೆ ಹೆಚ್ಚಿಸುವ ಭರದಲ್ಲಿ ಬಟ್ಟೆ ಕೆಟ್ಟ ದಿನಗಳೂ ಇದ್ದವು. ವ್ಯವಸ್ಥೆ ನೆಲೆಗೊಂಡ ಮೇಲೆ ಉತ್ಪಾದನೆ ಏರಿತು, ಹಾಳಾಗುವ ಬಟ್ಟೆ ಇಳಿಯಿತು, ಕೂಲಿಯೂ ಹೆಚ್ಚಿತು. ಇಲ್ಲಿ ಸಲಹೆಗಾರನ ಪಾಲು ಒಂದು ಯೋಚನೆ; ಅದನ್ನು ವ್ಯವಸ್ಥೆಯಾಗಿ ಮಾಡಿದವರು ಷೆಡ್ಡಿನವರು. ರೈಸ್ 1958ರಲ್ಲಿ ಈ ಪ್ರಯೋಗವನ್ನು ಪುಸ್ತಕವಾಗಿ ಪ್ರಕಟಿಸಿದ. ಅವನ ಸಹೋದ್ಯೋಗಿ ಎರಿಕ್ ಮಿಲ್ಲರ್ 1970ರಲ್ಲಿ ಮತ್ತೆ ಹೋಗಿ ನೋಡಿದಾಗ, ಒಂದು ಷೆಡ್ಡಿನಲ್ಲಿ ಗುಂಪು ಪದ್ಧತಿ ಬಹುಮಟ್ಟಿಗೆ ಹಾಗೆಯೇ ಉಳಿದಿತ್ತು. ಬೇರೆಡೆ, ಹೊರಗಿನ ಒತ್ತಡಗಳು ಹೆಚ್ಚಿದಲ್ಲಿ, ಹಳೆಯ ರೀತಿಗೆ ಮರಳಿತ್ತು.

ಕೆಲಸದ ಹಂತಗಳು

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1976ರಿಂದ ಪ್ರಕಟಿಸುತ್ತ ಬಂದ, ಮಿಲಾನ್ ಕುಬ್ರ್ ಸಂಪಾದಿಸಿದ ಕೈಪಿಡಿ ಸಲಹಾ ಕಾರ್ಯವನ್ನು ಪ್ರವೇಶ, ನಿದಾನ, ಕಾರ್ಯಯೋಜನೆ, ಜಾರಿ, ನಿರ್ಗಮನ ಎಂದು ಐದು ಹಂತಗಳಾಗಿ ನೋಡುತ್ತದೆ. ಪುಸ್ತಕದಲ್ಲಿ ಹಂತಗಳು ಸಾಲಾಗಿ ಬರುತ್ತವೆ, ಕಚೇರಿಯಲ್ಲಿ ಒಂದರೊಳಗೊಂದು ಬೆರೆತಿರುತ್ತವೆ.

ಪ್ರವೇಶದ ಹಂತದಲ್ಲಿ ಇತ್ಯರ್ಥವಾಗಬೇಕಾದ ಮೊದಲ ವಿಷಯ, ಕ್ಲೈಂಟ್ ಯಾರು ಎಂಬುದು. ಕರೆದವರು ಮಾನವ ಸಂಪನ್ಮೂಲ ವಿಭಾಗದ ಮುಖ್ಯಸ್ಥರು, ಬಿಲ್ಲಿಗೆ ಸಹಿ ಹಾಕುವವರು ಹಣಕಾಸು ನಿರ್ದೇಶಕರು, ಬದಲಾಗಬೇಕಾದವರು ಕಾರ್ಖಾನೆಯ ಪಾಳಿಯ ಮೇಲ್ವಿಚಾರಕರು ಆಗಿರಬಹುದು. ಇವರೆಲ್ಲರೂ ಒಂದೇ ಕ್ಲೈಂಟ್ ಎಂದುಕೊಂಡ ಸಲಹೆಗಾರರು ಎರಡನೇ ತಿಂಗಳಲ್ಲಿ ಬಿಕ್ಕಟ್ಟಿಗೆ ಬೀಳುತ್ತಾರೆ. ಒಪ್ಪಂದದಲ್ಲಿ ಕೆಲಸದ ವ್ಯಾಪ್ತಿ, ಅವಧಿ, ಕೊಡಬೇಕಾದ ವರದಿಗಳು, ಶುಲ್ಕ ಇವೆಲ್ಲ ಬರುತ್ತವೆ. ಕ್ಲೈಂಟ್ ತನ್ನ ಕಡೆಯಿಂದ ಎಷ್ಟು ಜನರನ್ನು, ಎಷ್ಟು ಹೊತ್ತು ಬಿಟ್ಟುಕೊಡುತ್ತದೆ ಎಂಬುದು ಮಾತ್ರ ಬಹಳ ಸಲ ಬಿಟ್ಟುಹೋಗುತ್ತದೆ. ಬದಲಾವಣೆಯ ಕೆಲಸದಲ್ಲಿ ಶುಲ್ಕಕ್ಕಿಂತ ಮುಖ್ಯವಾದ ಷರತ್ತು ಅದು.

ನಿದಾನದ ಹಂತ ಸಂದರ್ಶನ, ಕಡತ, ಅಂಕಿಅಂಶಗಳಲ್ಲಿ ಕಳೆಯುತ್ತದೆ. ಸಲಹೆಗಾರರು ಬಂದ ಸುದ್ದಿಯೇ ಸಂಸ್ಥೆಯೊಳಗೆ ಒಂದು ಬದಲಾವಣೆ. ಯಾರ ಕೆಲಸ ಹೋಗುತ್ತದೋ ಎಂಬ ಗುಸುಗುಸು ಕ್ಯಾಂಟೀನಿನಲ್ಲಿ ಮೊದಲ ದಿನವೇ ಶುರುವಾಗುತ್ತದೆ. ಕೆಳಹಂತದ ನೌಕರರು ವರ್ಷಗಳಿಂದ ಹೇಳುತ್ತ ಬಂದದ್ದನ್ನು ಸಲಹೆಗಾರರು ಕೇಳಿಕೊಂಡು, ಚಂದದ ಸ್ಲೈಡುಗಳಲ್ಲಿ ಮೇಲಿನವರಿಗೆ ಒಪ್ಪಿಸುತ್ತಾರೆ ಎಂಬ ಹಳೆಯ ಆರೋಪದಲ್ಲಿ ಸತ್ಯಾಂಶವಿದೆ. ಆದರೆ ಕೆಳಗಿನ ಮಾತು ಮೇಲಕ್ಕೆ ತಲುಪದ ಸಂಸ್ಥೆಯಲ್ಲಿ ಅಷ್ಟು ಸಾಗಾಟವೂ ಸಣ್ಣ ಕೆಲಸವಲ್ಲ. ಹೇಳಿದವರ ಹೆಸರನ್ನು ಗುಟ್ಟಾಗಿಡುವುದು ಇಲ್ಲಿನ ಮುಖ್ಯ ಧರ್ಮ. ಒಮ್ಮೆ ಅದು ಮುರಿದರೆ ಆ ಸಂಸ್ಥೆಯಲ್ಲಿ ಯಾರೂ ಮತ್ತೆ ಬಾಯಿಬಿಡುವುದಿಲ್ಲ.

ಯೋಜನೆ ಮತ್ತು ಜಾರಿಯ ನಡುವೆ ಅನೇಕ ಒಪ್ಪಂದಗಳು ಮುಗಿದುಹೋಗುತ್ತವೆ. ವರದಿ ಒಪ್ಪಿಸಿ ಸಲಹೆಗಾರರು ಹೊರಡುತ್ತಾರೆ, ವರದಿ ಕಪಾಟು ಸೇರುತ್ತದೆ. ಇದನ್ನು ತಪ್ಪಿಸಲು ಎರಡೂ ಕಡೆಯವರನ್ನು ಸೇರಿಸಿದ ಜಂಟಿ ತಂಡ ಮಾಡುವುದು ಈಗ ರೂಢಿ. ನಿರ್ಗಮನದ ಬಗ್ಗೆ ಬರೆದವರು ಕಡಿಮೆ, ಏಕೆಂದರೆ ಅದರಲ್ಲಿ ಸಲಹಾ ಸಂಸ್ಥೆಗೆ ಲಾಭವಿಲ್ಲ. ಹೊರಡುವಾಗ ತಾವಿಲ್ಲದೆ ಕೆಲಸ ನಡೆಯುವಂತೆ ಮಾಡಿ ಹೋಗುವುದು ಕಸುಬಿನ ಆದರ್ಶ. ಮುಂದಿನ ಹಂತದ ಒಪ್ಪಂದವನ್ನು ಕುದುರಿಸಿ ಹೋಗುವುದು ಅದರ ವಾಣಿಜ್ಯ.

ಮುಂಬಯಿ ಸುತ್ತಲಿನ ಪರೀಕ್ಷೆ

ಸಲಹೆಯಿಂದ ನಿಜವಾಗಿ ಎಷ್ಟು ಉಪಯೋಗವಾಗುತ್ತದೆ ಎಂಬುದನ್ನು ಅಳೆಯುವುದು ಕಠಿಣ. ಕಷ್ಟದಲ್ಲಿರುವ ಸಂಸ್ಥೆಗಳೇ ಸಲಹೆ ಕೇಳುವುದರಿಂದ, ಕೇಳಿದವರನ್ನೂ ಕೇಳದವರನ್ನೂ ಹೋಲಿಸಿ ಪ್ರಯೋಜನವಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ವಿಶ್ವಬ್ಯಾಂಕಿನ ನೆರವಿನಿಂದ ಈ ತೊಡಕನ್ನು ಮೀರಿದರು. 2008ರಲ್ಲಿ ಮುಂಬಯಿ ಸುತ್ತಲಿನ 17 ಜವಳಿ ಕಂಪನಿಗಳನ್ನು ಆರಿಸಿಕೊಂಡು, ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಎರಡೂ ಗುಂಪಿನ ಗಿರಣಿಗಳಲ್ಲಿ ಅಂತಾರಾಷ್ಟ್ರೀಯ ಸಲಹಾ ಸಂಸ್ಥೆಯೊಂದು ಒಂದು ತಿಂಗಳ ತಪಾಸಣೆ ನಡೆಸಿತು. ಮೊದಲ ಗುಂಪಿನ ಗಿರಣಿಗಳಲ್ಲಿ ಮಾತ್ರ ಇನ್ನೂ ನಾಲ್ಕು ತಿಂಗಳು ನಿಂತು ಜಾರಿಗೆ ನೆರವಾಯಿತು. ಶುಲ್ಕ ಸಂಶೋಧಕರದೇ.

ಗಿರಣಿಗಳ ಸ್ಥಿತಿ ಹೇಗಿತ್ತೆಂದರೆ, ನೂಲಿನ ದಾಸ್ತಾನು ಗುರುತು ಚೀಟಿಯಿಲ್ಲದೆ ಗೋದಾಮಿನಲ್ಲಿ ರಾಶಿ ಬಿದ್ದಿತ್ತು, ನೆಲದ ಮೇಲೆ ಉಪಕರಣ ಚೆಲ್ಲಾಪಿಲ್ಲಿಯಾಗಿತ್ತು, ಯಾವ ಮಗ್ಗ ಏಕೆ ನಿಂತಿತು ಎಂದು ಬರೆದಿಡುವ ಪದ್ಧತಿ ಇರಲಿಲ್ಲ. ಸಲಹೆಗಾರರು ಇಂಥ 38 ರೂಢಿಗಳ ಪಟ್ಟಿ ಹಿಡಿದು ಕೆಲಸ ಮಾಡಿದರು. ಮೊದಲ ವರ್ಷದಲ್ಲೇ ನೆರವು ಪಡೆದ ಗಿರಣಿಗಳ ಉತ್ಪಾದಕತೆ ಶೇ. 17ರಷ್ಟು ಏರಿತು. ಇಷ್ಟು ಸರಳ ಕೆಲಸವನ್ನು ಮಾಲೀಕರು ಮೊದಲೇ ಏಕೆ ಮಾಡಿಕೊಳ್ಳಲಿಲ್ಲ? ಹಲವು ರೂಢಿಗಳ ಹೆಸರನ್ನೇ ಅವರು ಕೇಳಿರಲಿಲ್ಲ. ಕೇಳಿದ್ದನ್ನು ತಮ್ಮ ಗಿರಣಿಗೆ ಬೇಡವೆಂದು ನಂಬಿದ್ದರು. ಮನೆಯ ಗಂಡಸರನ್ನು ಬಿಟ್ಟು ಹೊರಗಿನ ಮ್ಯಾನೇಜರಿನ ಕೈಗೆ ತೀರ್ಮಾನ ಕೊಡುವ ಧೈರ್ಯವೂ ಇರಲಿಲ್ಲ.

ಸಂಶೋಧಕರು 2017ರಲ್ಲಿ ಮತ್ತೆ ಹೋದರು. ಅಳವಡಿಸಿಕೊಂಡ ರೂಢಿಗಳಲ್ಲಿ ಸುಮಾರು ಅರ್ಧ ಬಿಟ್ಟುಹೋಗಿದ್ದವು. ಗಿರಣಿಯ ಮ್ಯಾನೇಜರ್ ಬದಲಾದದ್ದು ಮತ್ತು ಮಾಲೀಕರಿಗೆ ಗಮನ ಕೊಡಲು ಪುರುಸೊತ್ತಿಲ್ಲದ್ದು ಮುಖ್ಯ ಕಾರಣಗಳು. ಹಾಗಿದ್ದೂ ನೆರವು ಪಡೆಯದ ಗಿರಣಿಗಳಿಗಿಂತ ಇವು ಗಣನೀಯವಾಗಿ ಮುಂದಿದ್ದವು, ಅದೇ ಕಂಪನಿಗಳ ಬೇರೆ ಗಿರಣಿಗಳಿಗೂ ರೂಢಿಗಳು ಹಬ್ಬಿದ್ದವು. ಅಹಮದಾಬಾದು, ಮುಂಬಯಿ ಎರಡೂ ಕಡೆಯ ಮರುಭೇಟಿಗಳು ಒಂದೇ ಅಂಶವನ್ನು ಎತ್ತಿ ತೋರಿಸುತ್ತವೆ: ಸಲಹೆ ಉಳಿಯುವುದು ಅದನ್ನು ತನ್ನದೆಂದುಕೊಂಡ ಒಬ್ಬರಾದರೂ ಒಳಗೆ ಉಳಿದಿರುವ ತನಕ. ಕಸುಬಿನ ಸಾಹಿತ್ಯದಲ್ಲಿ ಸಲಹೆಗಾರರ ವಿಧಾನಗಳಿಗೆ ಸಿಕ್ಕ ಪುಟಗಳ ಒಂದು ಪಾಲೂ ಈ ಒಳಗಿನವರಿಗೆ ಸಿಕ್ಕಿಲ್ಲ.

ಭಾರತ ಮತ್ತು ಕರ್ನಾಟಕ

ಸ್ವಾತಂತ್ರ್ಯಾನಂತರ ಭಾರತದಲ್ಲಿ ಸಲಹೆಯ ಹೊಣೆಯನ್ನು ಸಾರ್ವಜನಿಕ ಸಂಸ್ಥೆಗಳೇ ಬಹಳಷ್ಟು ಹೊತ್ತವು: ಹೈದರಾಬಾದಿನ ಅಡ್ಮಿನಿಸ್ಟ್ರೇಟಿವ್ ಸ್ಟಾಫ್ ಕಾಲೇಜು (1956), ರಾಷ್ಟ್ರೀಯ ಉತ್ಪಾದಕತಾ ಮಂಡಲಿ (1958), ಅಹಮದಾಬಾದ್ ಮತ್ತು ಕಲ್ಕತ್ತದ ಐಐಎಂಗಳು (1961), ಬೆಂಗಳೂರಿನ ಐಐಎಂ (1973). ಭಾರತೀಯ ಸ್ಟೇಟ್ ಬ್ಯಾಂಕ್ ಆರ್. ಕೆ. ತಲ್ವಾರ್ ಅಧ್ಯಕ್ಷತೆಯಲ್ಲಿ 1970ರ ದಶಕದ ಆರಂಭದಲ್ಲಿ ತನ್ನ ರಚನೆಯನ್ನು ಬದಲಿಸಿಕೊಂಡದ್ದು ಅಹಮದಾಬಾದ್ ಐಐಎಂ ನೆರವಿನಿಂದ. ಲಾರ್ಸನ್ ಆ್ಯಂಡ್ ಟೂಬ್ರೊ ಕಂಪನಿ ತನ್ನ ನೌಕರರ ವಾರ್ಷಿಕ ಮೌಲ್ಯಮಾಪನ ಪದ್ಧತಿಯನ್ನು ನೋಡಿಕೊಡಿ ಎಂದು ಅದೇ ಐಐಎಂನ ಉದಯ್ ಪಾರೀಕ್ ಮತ್ತು ಟಿ. ವಿ. ರಾವ್ ಅವರನ್ನು 1974ರಲ್ಲಿ ಕರೆಯಿತು. ಕೇಳಿದ್ದು ಒಂದು ನಮೂನೆಯ ದುರಸ್ತಿ, ಸಿಕ್ಕಿದ್ದು ಮಾನವ ಸಂಪನ್ಮೂಲ ಅಭಿವೃದ್ಧಿಯ ಪೂರ್ಣ ವ್ಯವಸ್ಥೆ. ದೇಶದ ಕಂಪನಿಗಳಲ್ಲಿ ಅಂಥ ಪ್ರತ್ಯೇಕ ವಿಭಾಗಕ್ಕೆ ಅದೇ ಮೊದಲ ಮಾದರಿಯಾಯಿತು.

ಉದಾರೀಕರಣದ ನಂತರ ವಿದೇಶಿ ಸಂಸ್ಥೆಗಳು ಬಂದವು. ಒಡಿಶಾ 1996ರಲ್ಲಿ ತನ್ನ ವಿದ್ಯುತ್ ಮಂಡಳಿಯನ್ನು ಒಡೆದದ್ದು ವಿಶ್ವಬ್ಯಾಂಕ್ ಮತ್ತು ಬ್ರಿಟನ್ ಸರ್ಕಾರದ ನೆರವಿನ ಸಲಹೆಗಾರರ ಮಾರ್ಗದರ್ಶನದಲ್ಲಿ. 2001ರಲ್ಲಿ ಆ ಸುಧಾರಣೆಯನ್ನು ಪರಿಶೀಲಿಸಿದ ಕನುಂಗೋ ಸಮಿತಿ ಆ ಸಲಹೆಗಾರರಿಗೆ ಆದ ಭಾರಿ ವೆಚ್ಚವನ್ನು ಟೀಕಿಸಿತು. ತಂತ್ರಾಂಶ ಉದ್ಯಮದ ಕೂಟವಾದ ನಾಸ್ಕಾಂ 1999ರಲ್ಲಿ ಮೆಕಿನ್ಸಿ ಜೊತೆ ಸೇರಿ, 2008ರ ಹೊತ್ತಿಗೆ 50 ಶತಕೋಟಿ ಡಾಲರ್ ರಫ್ತಿನ ಗುರಿ ಮುಂದಿಟ್ಟಿತು. ಬೆಂಗಳೂರಿನ ಕಂಪನಿಗಳಿಗೆ ಆ ವರದಿ ಸಲಹೆಗಿಂತ ಹೆಚ್ಚಾಗಿ ಆತ್ಮವಿಶ್ವಾಸವಾಗಿ ಕೆಲಸ ಮಾಡಿತು. 2004ರಲ್ಲಿ ಇನ್ಫೋಸಿಸ್ ಅಮೆರಿಕದಲ್ಲಿ ಸ್ವಂತ ಸಲಹಾ ಅಂಗಸಂಸ್ಥೆ ತೆರೆಯಿತು. ಹೇಳಿದ ಕೋಡ್ ಬರೆದುಕೊಡುತ್ತಿದ್ದವರು ಏನು ಬರೆಯಬೇಕೆಂದು ಹೇಳುವ ಜಾಗಕ್ಕೆ ಏರುವುದು ಸುಲಭವಾಗಲಿಲ್ಲ: ವಿದೇಶಿ ಕ್ಲೈಂಟಿನ ಮಾಹಿತಿ ತಂತ್ರಜ್ಞಾನ ವಿಭಾಗದಲ್ಲಿ ಗಳಿಸಿದ ಹೆಸರು ಅದೇ ಕ್ಲೈಂಟಿನ ಮುಖ್ಯ ಕಾರ್ಯನಿರ್ವಾಹಕರ ಕೋಣೆಯಲ್ಲಿ ತಾನಾಗಿ ಚಲಾವಣೆಯಾಗುವುದಿಲ್ಲ.

ಸರ್ಕಾರ ಕ್ಲೈಂಟ್ ಆದಾಗ ಲೆಕ್ಕ ಬೇರೆ. ಟೆಂಡರು, ಗುಣಮಟ್ಟ ಮತ್ತು ದರ ಎರಡಕ್ಕೂ ಅಂಕ ಕೊಟ್ಟು ಆರಿಸುವ ಪದ್ಧತಿ, ಕರ್ನಾಟಕದಲ್ಲಾದರೆ 1999ರ ಸಾರ್ವಜನಿಕ ಸಂಗ್ರಹಣೆ ಪಾರದರ್ಶಕತೆ ಕಾಯ್ದೆ, ಇವೆಲ್ಲ ದಾಟಬೇಕು. ಯೋಜನಾ ನಿರ್ವಹಣಾ ಘಟಕ ಎಂಬ ಹೆಸರಿನಲ್ಲಿ ಸಲಹಾ ಸಂಸ್ಥೆಯ ಯುವಕ ಯುವತಿಯರು ಇಲಾಖೆಗಳಲ್ಲಿ ವರ್ಷಗಟ್ಟಲೆ ಕೂರುವುದು ಈಗ ಸಾಮಾನ್ಯ. ಐಎಎಸ್ ಅಧಿಕಾರಿ ವರ್ಗವಾದೊಡನೆ ಯೋಜನೆಯ ಆಸಕ್ತಿ ಇಳಿಯುವುದೂ ಅಷ್ಟೇ ಸಾಮಾನ್ಯ. ಗಿರಣಿಯ ಮ್ಯಾನೇಜರ್ ಬದಲಾದಾಗ ಆದದ್ದೇ ಇಲ್ಲಿಯೂ ಆಗುತ್ತದೆ.

ಟೀಕೆ ಮತ್ತು ನೀತಿ

ಮೈಕೆಲ್ ಹ್ಯಾಮರ್ ಮತ್ತು ಜೇಮ್ಸ್ ಚಾಂಪಿ 1993ರ ಪುಸ್ತಕದಿಂದ ಜನಪ್ರಿಯಗೊಳಿಸಿದ ರೀಎಂಜಿನಿಯರಿಂಗ್, ಅಂದರೆ ಕೆಲಸದ ರೀತಿಯನ್ನು ಬುಡದಿಂದ ಹೊಸದಾಗಿ ಕಟ್ಟುವ ಪದ್ಧತಿ, ಕೆಲವೇ ವರ್ಷಗಳಲ್ಲಿ ನೌಕರಿ ಕಡಿತದ ಇನ್ನೊಂದು ಹೆಸರಾಯಿತು. ಜನರ ಪಾಲನ್ನು ತಾನು ಕಡೆಗಣಿಸಿದ್ದೆನೆಂದು ಹ್ಯಾಮರನೇ ಮುಂದೆ ಒಪ್ಪಿಕೊಂಡ. ಬದಲಾವಣೆಯ ಯತ್ನಗಳಲ್ಲಿ ಶೇ. 70 ವಿಫಲವಾಗುತ್ತವೆ ಎಂಬ ಮಾತನ್ನು ಸಲಹೆಗಾರರು ಇಂದಿಗೂ ಪ್ರತಿ ಭಾಷಣದಲ್ಲಿ ಉದ್ಧರಿಸುತ್ತಾರೆ. ಅದಕ್ಕೆ ಗಟ್ಟಿ ಆಧಾರವಿಲ್ಲವೆಂದು ಬ್ರಿಟನ್ನಿನ ಮಾರ್ಕ್ ಹ್ಯೂಸ್ 2011ರಲ್ಲಿ ತೋರಿಸಿದ ಮೇಲೂ ಅದು ನಿಂತಿಲ್ಲ. ಭಯ ಹುಟ್ಟಿಸುವ ಅಂಕಿ ಮಾರಾಟಕ್ಕೆ ಅನುಕೂಲ.

ಹಿತಾಸಕ್ತಿಯ ಸಂಘರ್ಷ ಇನ್ನೂ ಗಂಭೀರ. ಎನ್ರಾನ್ ಕಂಪನಿಯ ಲೆಕ್ಕಪರಿಶೋಧನೆ ಮಾಡುತ್ತಿದ್ದ ಆರ್ಥರ್ ಆ್ಯಂಡರ್ಸನ್, 2000ದಲ್ಲಿ ಪರಿಶೋಧನೆಗೆ 25 ದಶಲಕ್ಷ ಡಾಲರ್ ಪಡೆದರೆ ಇತರ ಸೇವೆಗಳಿಗೆ 27 ದಶಲಕ್ಷ ಪಡೆದಿತ್ತು. ಎನ್ರಾನ್ ಕುಸಿದ ಮೇಲೆ ಅಮೆರಿಕ 2002ರ ಸಾರ್ಬೇನ್ಸ್–ಆಕ್ಸ್‌ಲಿ ಕಾಯ್ದೆಯಿಂದ, ಪರಿಶೋಧಕರು ಅದೇ ಕ್ಲೈಂಟಿಗೆ ಹಲವು ಬಗೆಯ ಸಲಹಾ ಸೇವೆ ಕೊಡುವುದನ್ನು ನಿಷೇಧಿಸಿತು. ದಕ್ಷಿಣ ಆಫ್ರಿಕದ ಸರ್ಕಾರಿ ವಿದ್ಯುತ್ ಸಂಸ್ಥೆ ಎಸ್ಕಾಮ್ ಜೊತೆ ಮೆಕಿನ್ಸಿ ಮಾಡಿಕೊಂಡ ಒಪ್ಪಂದದಲ್ಲಿ, ಫಲಿತಾಂಶ ಬಂದರೆ ಮಾತ್ರ ಶುಲ್ಕ ಎಂಬ ಷರತ್ತಿತ್ತು. ಕೇಳಲು ನ್ಯಾಯವಾದ ಆ ಷರತ್ತೇ ಶುಲ್ಕವನ್ನು ಮಿತಿಮೀರಿ ಉಬ್ಬಿಸಿತು. ರಾಜಕೀಯ ಪ್ರಭಾವವಿದ್ದ ಉದ್ಯಮಿಗಳಾದ ಗುಪ್ತಾ ಸೋದರರ ನಂಟಿನ ಸ್ಥಳೀಯ ಪಾಲುದಾರ ಸಂಸ್ಥೆಯಿಂದಾಗಿ ಹಗರಣವೂ ಆಗಿ, 2018ರಲ್ಲಿ ಮೆಕಿನ್ಸಿ ಕ್ಷಮೆ ಕೇಳಿ ಸುಮಾರು ನೂರು ಕೋಟಿ ರ್‍ಯಾಂಡ್ ಹಿಂದಿರುಗಿಸಿತು.

ಸಲಹಾ ಸೇವೆಗೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್ಒ 2017ರಲ್ಲಿ 20700 ಸಂಖ್ಯೆಯ ಮಾರ್ಗಸೂಚಿ ಹೊರಡಿಸಿದೆ. 1987ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಒಕ್ಕೂಟವೊಂದು ಸದಸ್ಯ ದೇಶಗಳ ಸಂಘಗಳ ಮೂಲಕ ಪ್ರಮಾಣಪತ್ರ ಕೊಡುತ್ತದೆ. ಭಾರತದಲ್ಲಿಯೂ ಅಂಥ ಸಂಘವಿದೆ. ಎರಡೂ ಐಚ್ಛಿಕ. ಈ ದೇಶದಲ್ಲಿ ಲೆಕ್ಕಪರಿಶೋಧಕರಿಗೆ 1949ರ ಕಾಯ್ದೆ, ವಕೀಲರಿಗೆ 1961ರ ಕಾಯ್ದೆ ಇವೆ. ಆಡಳಿತ ಸಲಹೆಗಾರರಿಗೆ ಅಂಥ ಕಾಯ್ದೆಯಾಗಲಿ ಪರವಾನಗಿಯಾಗಲಿ ಇಲ್ಲ. ಫಲಕ ಹಾಕಿಕೊಳ್ಳಲು ಯಾರ ಅನುಮತಿಯೂ ಬೇಕಿಲ್ಲ.